ಕದ ತಟ್ಟಿದವರು ಯಾರು?

ಪರ್ಸಿಯನ್ ಸೂಫಿ ಕವಿಗಳು ‘ನಾನು’ ಎಂಬುದನ್ನು ಹೇಗೆ ಕಂಡರು ಎಂದು ಕೇಳಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ. ಈ ವಿಷಯಕ್ಕೆ ಪ್ರಶ್ನೋತ್ತರದ ರೂಪ ಹೊಸದಲ್ಲ. 1317ರಲ್ಲಿ ಖುರಾಸಾನಿನ ಅಮೀರ್ ಹುಸೇನಿ ಎಂಬ ಸೂಫಿ ಕೆಲವು ಪ್ರಶ್ನೆಗಳನ್ನು ಪದ್ಯದಲ್ಲೇ ಬರೆದು ತಬ್ರೀಜಿಗೆ ಕಳಿಸಿದ. ಅವಕ್ಕೆ ಮಹಮೂದ್ ಶಬಿಸ್ತರಿ ಕೊಟ್ಟ ಉತ್ತರವೇ ‘ಗುಲ್ಶನ್-ಎ-ರಾಜ್’, ಸುಮಾರು ಸಾವಿರ ದ್ವಿಪದಿಗಳ ಕಾವ್ಯ. ನಾನೆಂದರೆ ಯಾರು, ತನ್ನೊಳಗೆ ತಾನು ಪಯಣಿಸುವುದು ಹೇಗೆ ಎಂಬುದು ಆ ಪ್ರಶ್ನೆಗಳಲ್ಲಿ ಒಂದು. ನಿಮ್ಮ ಪತ್ರಗಳೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಹೊಸಹೊಳಲಿನ ನಿವೃತ್ತ ಮೇಷ್ಟ್ರೊಬ್ಬರು: ದಿನಾ ಬೆಳಿಗ್ಗೆ ಲಕ್ಷ್ಮೀನಾರಾಯಣನ ಗುಡಿಗೆ ಪ್ರದಕ್ಷಿಣೆ ಹಾಕುವವನು ನಾನು. ಮೊಮ್ಮಗಳು ರೂಮಿಯ ಪುಸ್ತಕ ತಂದುಕೊಟ್ಟಳು, ಓದಿದೆ. ‘ನಾನು’ ಅಳಿಯಬೇಕು ಅನ್ನುತ್ತಾನೆ. ‘ನಾನು ಹೋದರೆ ಹೋದೇನು’ ಎಂದು ಕನಕದಾಸರು ಇದನ್ನೇ ಒಂದು ಮಾತಿನಲ್ಲಿ ಹೇಳಿಬಿಟ್ಟರಲ್ಲ. ಶಂಕರರ ಅದ್ವೈತವೂ ಇದೇ. ಎಲ್ಲ ಒಂದೇ ಅಲ್ಲವೇ?

ಮೇಷ್ಟ್ರೇ, ಎಲ್ಲ ಒಂದೇ ಅಂದುಬಿಟ್ಟರೆ ಮಾತು ಇಲ್ಲಿಗೇ ಮುಗಿಯುತ್ತದೆ. ಮುಗಿಸಲು ನನಗೆ ಮನಸ್ಸಿಲ್ಲ. ನೀವೇ ಕೊಟ್ಟ ಉದಾಹರಣೆ ನೋಡೋಣ. ಕನಕದಾಸರ ಆ ಕಥೆ ನಡೆಯುವುದು ವ್ಯಾಸರಾಯರ ಸನ್ನಿಧಿಯಲ್ಲಿ. ವ್ಯಾಸರಾಯರು ಮಾಧ್ವ ಯತಿಗಳು. ಆ ಮತದಲ್ಲಿ ಜೀವ ಎಂದಿಗೂ ದೇವರಾಗುವುದಿಲ್ಲ, ಮೋಕ್ಷದಲ್ಲೂ ಬೇರೆಯೇ. ಹಾಗಿದ್ದರೂ ‘ನಾನು’ ಹೋಗಬೇಕೆಂಬ ಮಾತು ಅಲ್ಲೇ ಹುಟ್ಟಿತು, ಅಲ್ಲೇ ಮೆಚ್ಚುಗೆ ಪಡೆಯಿತು. ಅಂದಮೇಲೆ ‘ನಾನು’ ಹೋಗುವುದು ಬೇರೆ, ಜೀವವೇ ಇಲ್ಲವಾಗುವುದು ಬೇರೆ. ಸೂಫಿ ಕಾವ್ಯ ಓದುವಾಗ ಇವೆರಡನ್ನು ಗಂಟು ಹಾಕದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ‘ನಾನು’ ಹೋಗಬೇಕು ಎಂಬಲ್ಲಿ ಶಂಕರರಿಗೂ ರಾಮಾನುಜರಿಗೂ ಮಧ್ವರಿಗೂ ಜಗಳವಿಲ್ಲ. ಹೋದ ಮೇಲೆ ಉಳಿಯುವುದೇನು ಎಂಬಲ್ಲಿ ಜಗಳ. ಪರ್ಸಿಯನ್ ಕವಿಗಳಲ್ಲೂ ಜಗಳ ಅಲ್ಲೇ ಇದೆ.

ರೂಮಿಯ ‘ಮಸ್ನವಿ’ಯ ಮೊದಲ ಸಂಪುಟದಲ್ಲಿ ಒಂದು ಕಥೆ ಬರುತ್ತದೆ. ಒಬ್ಬ ಬಂದು ಗೆಳೆಯನ ಮನೆಯ ಕದ ತಟ್ಟುತ್ತಾನೆ. ಯಾರು ಎಂದು ಒಳಗಿನಿಂದ ಕೇಳಿದಾಗ ‘ನಾನು’ ಎನ್ನುತ್ತಾನೆ. ಇನ್ನೂ ಹಸಿಹಸಿಯಾಗಿದ್ದೀಯೆ, ಹೋಗು ಎಂದು ಗೆಳೆಯ ಕಳಿಸಿಬಿಡುತ್ತಾನೆ. ಒಂದು ವರ್ಷ ಅಗಲಿಕೆಯಲ್ಲಿ ಬೆಂದು ಮರಳಿ ಬಂದವನು ಅಂಜುತ್ತ ಕದ ತಟ್ಟುತ್ತಾನೆ. ಯಾರು ಎಂದು ಕೇಳಿದರೆ ಈ ಸಲ ಅವನ ಉತ್ತರ, ‘ನೀನೇ’. ಕದ ತೆರೆಯುತ್ತದೆ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಕೈತೊಳೆದುಕೊಳ್ಳುತ್ತಾರೆ. ನಾನು ಕೇಳುವುದು ಇಷ್ಟೆ: ಹಾಗಾದರೆ ಒಳಗೆ ಕಾಲಿಟ್ಟವನು ಯಾರು? ಅಳಿದೇಹೋಗಿದ್ದರೆ ಹೊಸ್ತಿಲು ದಾಟಲು ಯಾರೂ ಇರುತ್ತಿರಲಿಲ್ಲ. ಮೊದಲ ಸಲ ಬಂದ ಮನುಷ್ಯನೇ ಎರಡನೆಯ ಸಲವೂ ಬಂದಿದ್ದಾನೆ. ತಾನೊಂದು ಸ್ವತಂತ್ರ ಒಡೆತನ ಎಂಬ ಹಕ್ಕನ್ನು ಅವನು ದಾರಿಯಲ್ಲೆಲ್ಲೋ ಕಳಚಿಟ್ಟು ಬಂದಿದ್ದಾನೆ.

ಇರವಿನ ಬಗ್ಗೆಯೂ ರೂಮಿಯ ನೋಟ ಹೀಗೇ. ನಾವು ಬಾವುಟದ ಮೇಲೆ ಬರೆದ ಸಿಂಹಗಳು ಎನ್ನುತ್ತಾನೆ. ಸಿಂಹ ಮೇಲೆರಗುವುದು ಕಣ್ಣಿಗೆ ಕಾಣುತ್ತದೆ, ಅದನ್ನು ಆಡಿಸುವ ಗಾಳಿ ಕಾಣುವುದಿಲ್ಲ. ಇಲ್ಲಿ ಸಿಂಹ ಸುಳ್ಳು ಎಂದು ಅವನು ಹೇಳುತ್ತಿಲ್ಲ. ಚಿತ್ರ ಇದೆ, ಬಟ್ಟೆ ಇದೆ, ಚಲನೆಯೂ ಇದೆ. ಆದರೆ ಚಲನೆಯ ಮೂಲ ಸಿಂಹದ್ದಲ್ಲ. ಇನ್ನೊಂದು ಕಡೆ ‘ಇಲ್ಲ’ ಎಂಬುದೇ ದೇವರ ಕಾರ್ಖಾನೆ, ಕುಶಲಕರ್ಮಿಯನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು ಎನ್ನುತ್ತಾನೆ. ಶೂನ್ಯವೆಂದರೆ ಅವನಿಗೆ ಹೆದರಿಕೆಯ ಬಯಲಲ್ಲ, ಕೆಲಸ ನಡೆಯುವ ಜಾಗ. ಶಬಿಸ್ತರಿಯ ಚಿತ್ರ ಬೇರೆ. ಇರವೆಂಬ ದೀಪದ ಗೂಡಿಗೆ ಜಾಲರಿಯಿದೆ, ನಾನು ನೀನು ಎಂಬುವರು ಆ ಜಾಲರಿಯ ಕಿಂಡಿಗಳು ಎಂಬ ಮಾತು ಅವನದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯಿರುವ ಗುಂಬಜಿನ ಕಪ್ಪುಕಲ್ಲಿನ ಜಾಲಂಧ್ರಗಳ ಮುಂದೆ ಒಮ್ಮೆ ನಿಂತರೆ ಇದು ತಾನಾಗಿ ತಿಳಿಯುತ್ತದೆ. ಪ್ರತಿ ಕಿಂಡಿಗೂ ತನ್ನದೇ ಆಕಾರವಿದೆ, ಬೆಳಕು ಮಾತ್ರ ಯಾವ ಕಿಂಡಿಯ ಸ್ವತ್ತೂ ಅಲ್ಲ.

ಶಂಕರರ ದಾರಿ ಅರಿವಿನದು. ಹಗ್ಗವೆಂದು ತಿಳಿದ ಕ್ಷಣ ಹಾವಿಲ್ಲ. ರೂಮಿಯ ದಾರಿ ಒಲವಿನದು, ಒಲವಿಗೆ ಕದದ ಆಚೆ ಒಬ್ಬರು ಈಚೆ ಒಬ್ಬರು ಬೇಕೇ ಬೇಕು. ಅದಕ್ಕೇ ಅವನ ಕಾವ್ಯದಲ್ಲಿ ಅಷ್ಟೊಂದು ಕೂಗು, ಅಷ್ಟೊಂದು ಅಗಲಿಕೆ. ನೀವು ಸುತ್ತುವ ಗುಡಿ ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು, 13ನೇ ಶತಮಾನದ ನಡುಭಾಗದ್ದು. ಅದೇ ಹೊತ್ತಿನಲ್ಲಿ ಕೊನ್ಯಾ ಪಟ್ಟಣದಲ್ಲಿ ರೂಮಿ ತನ್ನ ಗುರುವೂ ಗೆಳೆಯನೂ ಆದ ಶಮ್ಸ್‌ನನ್ನು ಕಳೆದುಕೊಂಡು ಹಾಡುತ್ತಿದ್ದ. 1244ರಲ್ಲಿ ಬಂದ ಶಮ್ಸ್ ಮೂರು ನಾಲ್ಕು ವರ್ಷದೊಳಗೆ ಕಣ್ಮರೆಯಾದ. ಗಜಲಿನ ಕೊನೆಯಲ್ಲಿ ಕವಿ ತನ್ನ ಕಾವ್ಯನಾಮ ಇಡುವುದು ರೂಢಿ. ರೂಮಿ ಎಷ್ಟೋ ಗಜಲುಗಳಲ್ಲಿ ಅಲ್ಲಿ ಶಮ್ಸ್‌ನ ಹೆಸರಿಟ್ಟ, ಇಡೀ ಸಂಗ್ರಹವೇ ಶಮ್ಸ್‌ನ ಹೆಸರಿನಲ್ಲಿದೆ. ಅಂಕಿತವಾಗಿ ತಮ್ಮ ಹೆಸರನ್ನು ಬಿಟ್ಟು ಒಡೆಯನ ಹೆಸರಿಟ್ಟ ವಚನಕಾರರನ್ನೂ ದಾಸರನ್ನೂ ಓದಿದ ನಮಗೆ ಇದರ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕಿಹೆಬ್ಬಾಳಿನಿಂದ ಒಬ್ಬ ಗೃಹಿಣಿ: ನಮ್ಮೂರ ಮಗ್ಗುಲಲ್ಲೇ ಹರಿಯುವ ಹೇಮಾವತಿ ಮುಂದೆ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಗೆ ಸೇರಿಬಿಡುತ್ತಾಳೆ. ಅಲ್ಲಿಂದಾಚೆ ಅವಳ ಹೆಸರೇ ಇಲ್ಲ. ಸೂಫಿಗಳು ಹೇಳುವ ‘ಫನಾ’ ಅಂದರೆ ಇದೇ ಏನು? ಹಾಗಿದ್ದರೆ ನನಗೇಕೋ ಬೇಜಾರಾಗುತ್ತದೆ.

ತಾಯಿ, ಬೇಜಾರು ನಿಮಗೊಬ್ಬರಿಗೇ ಅಲ್ಲ, ಆ ಕವಿಗಳಿಗೂ ಆಗಿದೆ. ಹೆಸರು ನಿಂತಿತೇ ಹೊರತು ನೀರು ನಿಲ್ಲಲಿಲ್ಲ ಎಂದು ನಾನು ಸಮಾಧಾನ ಹೇಳಬಹುದು. ಆದರೆ ಅದಕ್ಕಿಂತ ಗಟ್ಟಿಯಾದ ಮಾತು ಅತ್ತಾರನಲ್ಲಿದೆ. ನೀಶಾಪುರದ ಅತ್ತಾರ್ 12ನೇ ಶತಮಾನದಲ್ಲಿ ಬರೆದ ‘ಮಂತಿಕ್-ಉತ್-ತೈರ್’ ಕಾವ್ಯದಲ್ಲಿ ಹಕ್ಕಿಗಳೆಲ್ಲ ತಮ್ಮ ರಾಜ ಸೀಮುರ್ಗ್‌ನನ್ನು ಹುಡುಕಿಕೊಂಡು ಹೊರಡುತ್ತವೆ. ಏಳು ಕಣಿವೆ ದಾಟಬೇಕು: ಅರಸುವಿಕೆ, ಒಲವು, ಅರಿವು, ನಿರ್ಲಿಪ್ತಿ, ಏಕತೆ, ಬೆರಗು, ಕೊನೆಗೆ ಬಡತನ ಮತ್ತು ಅಳಿವು, ಅಂದರೆ ನೀವು ಕೇಳಿದ ಫನಾ. ಸಾವಿರಾರು ಹಕ್ಕಿಗಳಲ್ಲಿ ಮೂವತ್ತು ಮಾತ್ರ ಮುಟ್ಟುತ್ತವೆ. ರಾಜನನ್ನು ಕಾಣಲು ಹೋದ ಅವು ಅಲ್ಲಿ ತಮ್ಮನ್ನೇ ಕಾಣುತ್ತವೆ, ಆಮೇಲೆ ನೆರಳು ಬಿಸಿಲಿನಲ್ಲಿ ಕಳೆದಂತೆ ಕಳೆದುಹೋಗುತ್ತವೆ. ಬಹಳ ಮಂದಿಗೆ ಗೊತ್ತಿರುವುದು ಇಷ್ಟು. ಅತ್ತಾರ್ ಇನ್ನೂ ಮುಂದೆ ಹೋಗುತ್ತಾನೆ. ಎಣಿಕೆಗೆ ಸಿಗದಷ್ಟು ಕಾಲ ಕಳೆದ ಮೇಲೆ ಆ ಹಕ್ಕಿಗಳನ್ನು ಅವುಗಳಿಗೇ ಹಿಂದಿರುಗಿಸಲಾಯಿತು ಎನ್ನುತ್ತಾನೆ. ಅಳಿದ ನಂತರದ ಈ ಉಳಿವಿಗೆ ‘ಬಕಾ’ ಎಂದು ಹೆಸರು. ಅದರ ಬಗ್ಗೆ ಮಾತಾಡಲು ಯಾರಿಗೂ ಬಾಯಿಲ್ಲ ಎಂದು ಹೇಳಿ ಅತ್ತಾರ್ ಸುಮ್ಮನಾಗುತ್ತಾನೆ. ಫನಾ ಹೇಳಿ ಬಕಾ ಬಿಟ್ಟರೆ ಕಥೆಯ ತಲೆಯನ್ನೇ ಕತ್ತರಿಸಿದಂತೆ.

1257ರಲ್ಲಿ ‘ಬೂಸ್ತಾನ್’ ಬರೆದ ಸಾದಿ ಇನ್ನೂ ಸೌಮ್ಯ. ಅವನ ಮಳೆಹನಿ ಕಡಲನ್ನು ಕಂಡು, ಇದರ ಮುಂದೆ ನಾನೆಷ್ಟರವಳು ಎಂದು ನಾಚಿಕೊಳ್ಳುತ್ತದೆ. ಆಗ ಚಿಪ್ಪೊಂದು ಅದನ್ನು ಮಡಿಲಿಗೆ ಹಾಕಿಕೊಂಡು ಮುತ್ತಾಗಿಸುತ್ತದೆ. ತಗ್ಗಿದ್ದಕ್ಕೇ ಅದಕ್ಕೊಂದು ಆಕಾರ ದಕ್ಕಿತು.

ಇದಕ್ಕೆ ಸಮನಾದ ಕಥೆಗೆ ನೀವು ದೂರ ಹೋಗಬೇಕಿಲ್ಲ, ಮೇಲುಕೋಟೆ ಸಾಕು. ಸುಲ್ತಾನನ ಮಗಳು ಚೆಲುವನಾರಾಯಣನ ವಿಗ್ರಹವನ್ನು ಬಿಟ್ಟಿರಲಾರದೆ ಬಹು ದೂರದಿಂದ ಹಿಂಬಾಲಿಸಿ ಬಂದು ಅವನಲ್ಲೇ ಐಕ್ಯಳಾದಳು ಎಂಬುದು ಅಲ್ಲಿಯ ಸ್ಥಳಪರಂಪರೆ. ಐಕ್ಯಳಾದಳು ಅನ್ನುವುದೇನೋ ನಿಜ. ಆದರೆ ಬೀಬಿ ನಾಚ್ಚಿಯಾರ್ ಎಂಬ ಹೆಸರು ಉಳಿಯಿತು, ಸ್ವಾಮಿಯ ಪಾದದ ಬಳಿ ಅವಳಿಗೊಂದು ಜಾಗವೂ ಉಳಿಯಿತು. ರಾಮಾನುಜರ ಮತದಲ್ಲಿ ಜೀವ ದೇವರಿಗೆ ಶರೀರದಂತೆ. ಬಿಟ್ಟಿಲ್ಲ, ಬೇರೆಯಾಗಿಲ್ಲ, ಆದರೂ ಕರಗಿ ಹೋಗಿಲ್ಲ. ಅತ್ತಾರನ ಹಕ್ಕಿಗಳನ್ನು ಅದ್ವೈತದ ಪಕ್ಕದಲ್ಲಿಟ್ಟು ಓದುವವರೇ ಹೆಚ್ಚು. ನನಗಂತೂ ಅವು ಮೇಲುಕೋಟೆಯ ಈ ಹೆಣ್ಣುಮಗಳ ಪಕ್ಕದಲ್ಲಿ ಕುಳಿತರೇ ಹೆಚ್ಚು ಒಪ್ಪುತ್ತವೆ.

ನಾಗಮಂಗಲದ ಒಬ್ಬ ವ್ಯಾಪಾರಿ: ‘ನಾನೇ ಸತ್ಯ’ ಎಂದ ಹಲ್ಲಾಜನನ್ನು ಸೂಫಿಗಳು ಹೊಗಳುತ್ತಾರೆ. ನಾನೇ ದೇವರು ಅನ್ನುವುದಕ್ಕಿಂತ ದೊಡ್ಡ ಅಹಂಕಾರ ಇನ್ನುಂಟೇ?

ಮನ್ಸೂರ್ ಹಲ್ಲಾಜನನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ಆ ಮಾತೊಂದೇ ಕಾರಣವಲ್ಲ, ಅಬ್ಬಾಸಿ ಆಸ್ಥಾನದ ರಾಜಕೀಯವೂ ಬೆರೆತಿತ್ತು. ನಿಮ್ಮ ಸಂಶಯಕ್ಕೆ ರೂಮಿಯ ಉತ್ತರ ಹೀಗಿದೆ: ‘ನಾನು ದೇವರ ದಾಸ’ ಎಂದವನು ಎರಡು ಇರವುಗಳನ್ನು ಹೇಳಿದಂತಾಯಿತು, ಒಂದು ದೇವರದು, ಒಂದು ತನ್ನದು. ಹಲ್ಲಾಜ ತನ್ನದನ್ನು ಲೆಕ್ಕದಿಂದಲೇ ತೆಗೆದುಬಿಟ್ಟ. ಫರೋ ದೊರೆಯೂ ತಾನೇ ದೇವರು ಎಂದ, ಹಲ್ಲಾಜನೂ ಹಾಗೇ ಎಂದ. ಒಬ್ಬನ ಮಾತಿನಲ್ಲಿ ‘ನಾನು’ ತುಂಬಿತ್ತು, ಇನ್ನೊಬ್ಬನಲ್ಲಿ ಖಾಲಿಯಾಗಿತ್ತು. ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣ ನಾನು ಬೆಂಕಿ ಎಂದರೆ, ಬಣ್ಣದಲ್ಲಿ ಸುಡುವಿಕೆಯಲ್ಲಿ ಅದು ನಿಜವೇ ಎಂದೂ ಅವನೇ ಸೇರಿಸುತ್ತಾನೆ.

ಎಲ್ಲ ಸೂಫಿಗಳೂ ಇದಕ್ಕೆ ತಲೆದೂಗಿದರು ಅಂದುಕೊಳ್ಳಬೇಡಿ. ಇರುವುದೊಂದೇ, ಉಳಿದದ್ದೆಲ್ಲ ಅದರ ತೋರಿಕೆ ಎಂದು ಸೂಫಿ ಚಿಂತಕ ಇಬ್ನ್ ಅರಬಿಯ ಪಂಥ ಕಟ್ಟಿದ ವಾದವನ್ನು ನಮ್ಮ ಕಲಬುರಗಿಯ ಖ್ವಾಜಾ ಬಂದೇ ನವಾಜರು ಒಪ್ಪಲಿಲ್ಲ. 1321ರಿಂದ 1422ರವರೆಗೆ ಬಾಳಿದ, ಪರ್ಸಿಯನ್ನಿನಲ್ಲಿ ಹಲವು ಗ್ರಂಥ ಬರೆದ ಆ ಹಿರಿಯರಿಗೆ ಸೃಷ್ಟಿಗೂ ಸೃಷ್ಟಿಕರ್ತನಿಗೂ ನಡುವಿನ ಗೆರೆ ಅಳಿಸುವುದು ಅಪಾಯವೆಂದು ಕಂಡಿತು. ನಿಮ್ಮ ಸಂಶಯ ಅವರದೂ ಹೌದು.

ಶ್ರೀರಂಗಪಟ್ಟಣದ ಪದವಿ ವಿದ್ಯಾರ್ಥಿನಿ: ಇದೆಲ್ಲ ಇರಾನಿನ, ತುರ್ಕಿಯ ಮಾತು. ನಮ್ಮೂರಿಗೂ ಈ ಕಾವ್ಯಕ್ಕೂ ನಿಜವಾಗಿ ಏನಾದರೂ ನಂಟಿದೆಯೇ, ಅಥವಾ ಎಳೆದು ತರಬೇಕೇ?

ಎಳೆದು ತರಬೇಕಿಲ್ಲಮ್ಮ. ಟಿಪ್ಪು ಸುಲ್ತಾನನ ಕಾಲಕ್ಕೆ ನಿಮ್ಮೂರಿನಲ್ಲಿ ಆಡಳಿತದ ಭಾಷೆ ಪರ್ಸಿಯನ್. ತನಗೆ ಬಿದ್ದ 37 ಕನಸುಗಳನ್ನು ಅವನು ಬರೆದಿಟ್ಟದ್ದೂ ಅದರಲ್ಲೇ. ಅವನ ಹೆಸರು ಕೂಡ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸೂಫಿಯದು. 1799ರಲ್ಲಿ ಕೋಟೆ ಬಿದ್ದಾಗ ಅರಮನೆಯ ಪುಸ್ತಕ ಭಂಡಾರದಲ್ಲಿ ಸುಮಾರು 2000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ಪಟ್ಟಿ ಅಚ್ಚು ಮಾಡಿಸಿದ. ಅದರಲ್ಲಿ ಇತಿಹಾಸದ ಪುಸ್ತಕಗಳು 118, ಸೂಫಿ ಗ್ರಂಥಗಳು 115, ಕಾವ್ಯ 190. ರಾಜ್ಯ ಆಳುವವನ ಮನೆಯಲ್ಲಿ ಇತಿಹಾಸಕ್ಕೂ ಅನುಭಾವಕ್ಕೂ ಸರಿಸುಮಾರು ಒಂದೇ ಅಳತೆಯ ಕಪಾಟು! ಆ ಹೊತ್ತಗೆಗಳು ಕಲ್ಕತ್ತೆಗೂ ಲಂಡನ್ನಿಗೂ ಚದುರಿಹೋದವು. ಇವತ್ತು ನೀನು ಕೋಟೆಯೊಳಗೆ ಹುಡುಕಿದರೆ ಒಂದು ಹಾಳೆಯೂ ಸಿಗುವುದಿಲ್ಲ ಎಂಬುದು ನನಗೆ ಇಂದಿಗೂ ಹೊಟ್ಟೆಯುರಿಸುವ ಸಂಗತಿ. ಗುಂಬಜಿನ ಮೇಲೆ ಕೊರೆದ ಪರ್ಸಿಯನ್ ಪದ್ಯಗಳಾದರೂ ಉಳಿದಿವೆ.

ಆದರೆ ನಿನ್ನ ಪ್ರಶ್ನೆಗೆ ನೇರ ಉತ್ತರ ಬೇರೆಯೇ ಇದೆ. 1929ರ ಜನವರಿಯಲ್ಲಿ ಕವಿ ಮಹಮ್ಮದ್ ಇಕ್ಬಾಲ್ ಮದ್ರಾಸಿನಲ್ಲಿ ಉಪನ್ಯಾಸಗಳನ್ನು ಮುಗಿಸಿ ಬೆಂಗಳೂರು, ಮೈಸೂರಿಗೆ ಬಂದರು. ಶ್ರೀರಂಗಪಟ್ಟಣಕ್ಕೂ ಬಂದು ಟಿಪ್ಪುವಿನ ಸಮಾಧಿಯ ಮುಂದೆ ನಿಂತರು. 1915ರಲ್ಲೇ ‘ಅಸ್ರಾರ್-ಎ-ಖುದಿ’ ಎಂಬ ಪರ್ಸಿಯನ್ ಕಾವ್ಯ ಬರೆದು ಗದ್ದಲ ಎಬ್ಬಿಸಿದ್ದ ಕವಿ ಅವರು. ಹಳೆಯ ಸೂಫಿಗಳಿಗೆ ‘ಖುದಿ’ ಎಂದರೆ ಕಳಚಬೇಕಾದ ಅಹಂ. ಇಕ್ಬಾಲರು ಅದನ್ನೇ ಬೆಳೆಸಬೇಕಾದ ಆತ್ಮಶಕ್ತಿ ಎಂದರು. ಕರಗು, ಅಳಿ ಎಂದು ಹಾಡುತ್ತ ಹಾಡುತ್ತ ಒಂದು ಸಮಾಜವೇ ನಿದ್ದೆ ಹೋಗಿದೆ ಎಂಬ ಸಂಕಟ ಅವರದು. ಪರ್ಸಿಯನ್ ಕವಿ ಹಾಫಿಜನನ್ನು ಎಷ್ಟು ಕಟುವಾಗಿ ಟೀಕಿಸಿದರೆಂದರೆ ಮುಂದಿನ ಮುದ್ರಣದಲ್ಲಿ ಆ ಭಾಗವನ್ನೇ ತೆಗೆಯಬೇಕಾಯಿತು. ಇಷ್ಟಾದರೂ ಗುರುವಾಗಿ ಆರಿಸಿಕೊಂಡದ್ದು ರೂಮಿಯನ್ನೇ. ಶಬಿಸ್ತರಿ 1317ರಲ್ಲಿ ಉತ್ತರಿಸಿದ್ದ ಪ್ರಶ್ನೆಗಳಲ್ಲಿ ಕೆಲವನ್ನು 1927ರಲ್ಲಿ ಮತ್ತೆ ಕೈಗೆತ್ತಿಕೊಂಡು ತಮ್ಮದೇ ಉತ್ತರ ಬರೆದರು.

ಸಮಾಧಿ ನೋಡಿ ಹೋದ ಮೂರು ವರ್ಷಕ್ಕೆ, 1932ರಲ್ಲಿ, ‘ಜಾವೇದ್ ನಾಮಾ’ ಬಂತು. ರೂಮಿಯ ಕೈಹಿಡಿದು ಕವಿ ಲೋಕಲೋಕಗಳನ್ನು ಸುತ್ತುವ ಪರ್ಸಿಯನ್ ಕಾವ್ಯ ಅದು. ಚಂದ್ರಲೋಕದಲ್ಲಿ ವಿಶ್ವಾಮಿತ್ರ ಸಿಗುತ್ತಾನೆ, ಗುರುಗ್ರಹದಲ್ಲಿ ಹಲ್ಲಾಜ, ಇನ್ನೂ ಮೇಲೆ ಭರ್ತೃಹರಿ. ಅಲ್ಲೇ ಟಿಪ್ಪುವೂ ಇದ್ದಾನೆ. ದಖನ್ ಹೇಗಿದೆ ಎಂದು ವಿಚಾರಿಸುತ್ತಾನೆ, ಮತ್ತೆ ಕವಿಯ ಕೈಯಲ್ಲಿ ಒಂದು ಸಂದೇಶ ಕಳಿಸುತ್ತಾನೆ. ಯಾರಿಗೆ? ಕಾವೇರಿಗೆ! ಬದುಕು, ಸಾವು, ಬಲಿದಾನ ಎಂದರೇನು ಎಂಬುದೇ ಆ ಸಂದೇಶ. ಬಿಡುವಿಲ್ಲದೆ ಹರಿದು ದಣಿದಿರುವೆ, ಕೊಂಚ ಮೆಲ್ಲಗೆ ಸಾಗು ಎಂಬ ಅಕ್ಕರೆಯಿಂದ ಅದು ತೊಡಗುತ್ತದೆ. ನದಿಯೂ ತಾನೂ ಬಾಳೆಂಬ ಒಂದೇ ಹೊಳೆಯ ಅಲೆಗಳು, ಜಗತ್ತು ಉಸಿರುಸಿರಿಗೂ ಬೇರೆಯಾಗುತ್ತಿದೆ ಎಂಬ ಕಡೆಗೆ ಅದು ಬೆಳೆಯುತ್ತದೆ. ಹಳೆಯ ಕಾವ್ಯದಲ್ಲಿ ಹೊಳೆ ಕಡಲು ಸೇರಿ ಇಲ್ಲವಾಗುವುದೇ ಗುರಿ. ಇಲ್ಲಿ ಕವಿಯ ಕಣ್ಣು ಕಡಲಿನ ಮೇಲಿಲ್ಲ, ಹರಿವಿನ ಮೇಲಿದೆ. ಇರುವುದೆಂದರೆ ಹರಿಯುತ್ತಲೇ ಇರುವುದು. ಪರ್ಸಿಯನ್ ಅನುಭಾವ ಕಾವ್ಯದ ಏಳೆಂಟು ಶತಮಾನಗಳ ಒಂದು ವಾಗ್ವಾದ ನಿನ್ನೂರಿನ ಹೊಳೆಯನ್ನು ಹೆಸರಿಟ್ಟು ಕರೆದು ಮಾತಾಡಿದೆ. ಇದಕ್ಕಿಂತ ನಂಟು ಇನ್ನೇನು ಬೇಕು?

ಒಂದು ಎಚ್ಚರಿಕೆ. ಇಕ್ಬಾಲರ ಟಿಪ್ಪು ಕಾವ್ಯದ ಪಾತ್ರ. ಚರಿತ್ರೆಯ ಟಿಪ್ಪುವಿನ ಬಗ್ಗೆ ನಮ್ಮ ಸೀಮೆಯಲ್ಲಿ ಒಂದೇ ಬಗೆಯ ನೆನಪಿಲ್ಲ. ಅವನ ಕಾಲದ ಕಹಿ ನೆನಪಿನಿಂದಾಗಿ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿ ಹಬ್ಬವಲ್ಲ, ದುಃಖದ ದಿನ. ಕಾವ್ಯವನ್ನು ಓದಿ ಆ ನೆನಪನ್ನು ಒರೆಸಬಾರದು, ಆ ನೆನಪಿನಿಂದ ಕಾವ್ಯವನ್ನು ಮುಚ್ಚಿಡಲೂಬಾರದು.

ಪಾಂಡವಪುರದ ಅಂಗನವಾಡಿ ಕಾರ್ಯಕರ್ತೆ: ‘ನಾನು’ ಅನ್ನುವುದನ್ನು ಬಿಡು ಅಂತ ಹೆಣ್ಣುಮಕ್ಕಳಿಗೆ ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದಾರೆ. ಅಪ್ಪ ಹೇಳಿದ, ಗಂಡ ಹೇಳಿದ, ಮೇಲಿನ ಅಧಿಕಾರಿ ಹೇಳಿದ. ಇನ್ನು ಈ ಸೂಫಿಗಳ ಕೈಲೂ ಯಾಕೆ ಹೇಳಿಸಿಕೊಳ್ಳಬೇಕು?

ಅಕ್ಕ, ಬಂದ ಪತ್ರಗಳಲ್ಲೆಲ್ಲ ನಿಮ್ಮದೇ ನನ್ನನ್ನು ಹೆಚ್ಚು ಕಾಡಿತು. ಇಟ್ಟುಕೊಳ್ಳಲು ಎಡೆಯನ್ನೇ ಕೊಡದೆ ‘ಬಿಡು’ ಎನ್ನುವುದು ಉಪದೇಶವಲ್ಲ, ದಬ್ಬಾಳಿಕೆ. ಈ ಕವಿಗಳ ಮಾತನ್ನು ಹಾಗೆ ಬಳಸಿಕೊಂಡವರು ಅಲ್ಲೂ ಇದ್ದಾರು, ಇಲ್ಲೂ ಇದ್ದಾರೆ.

ಆದರೆ ಆ ಕವಿಗಳು ‘ನಿನ್ನ ನಾನು ಅಳಿಯಲಿ’ ಎಂದು ಯಾರ ಮುಖ ನೋಡಿ ಹೇಳಿದರು ಎಂಬುದನ್ನು ಗಮನಿಸಿ. ‘ಮಸ್ನವಿ’ಯಲ್ಲಿ ಒಬ್ಬ ವ್ಯಾಕರಣ ಪಂಡಿತ ದೋಣಿ ಹತ್ತುತ್ತಾನೆ. ವ್ಯಾಕರಣ ಓದಿದ್ದೀಯಾ ಎಂದು ಅಂಬಿಗನನ್ನು ಕೇಳುತ್ತಾನೆ. ಇಲ್ಲವೆಂದರೆ, ಅರ್ಧ ಆಯುಸ್ಸು ಹಾಳಾಯಿತಲ್ಲ ಎನ್ನುತ್ತಾನೆ. ಅಂಬಿಗನ ಮನಸ್ಸಿಗೆ ನೋವಾಗುತ್ತದೆ, ಸುಮ್ಮನಿರುತ್ತಾನೆ. ಬಿರುಗಾಳಿ ಎದ್ದಾಗ ಅವನು ಕೇಳುವುದು ಒಂದೇ, ಈಜು ಬರುತ್ತದೆಯೇ? ಬಾರದೆಂದರೆ, ಸ್ವಾಮಿ, ನಿಮ್ಮ ಪೂರ್ತಿ ಆಯುಸ್ಸು ಹೋಯಿತು. ಈ ಕಥೆಯಲ್ಲಿ ‘ನಾನು’ ಕಳಚಬೇಕಾದವನು ಪಂಡಿತ. ಅಂಬಿಗನಿಗೆ ಯಾರೂ ಏನೂ ಬಿಡಲು ಹೇಳಿಲ್ಲ. ಅವನ ಕೌಶಲ, ಅವನ ನೋವು, ಅವನ ಸರದಿಯ ಮಾತು, ಎಲ್ಲವನ್ನೂ ರೂಮಿ ಅವನಿಗೇ ಉಳಿಸುತ್ತಾನೆ.

ಇನ್ನೊಂದು ಗಿಳಿಯ ಕಥೆ. ಪಂಜರದಲ್ಲಿ ಗಿಳಿ ಸಾಕಿದ್ದ ವ್ಯಾಪಾರಿ ಹಿಂದೂಸ್ತಾನಕ್ಕೆ ಹೊರಡುತ್ತಾನೆ. ನಿನಗೇನು ತರಲಿ ಎಂದರೆ, ಅಲ್ಲಿಯ ಕಾಡಿನ ಗಿಳಿಗಳಿಗೆ ನನ್ನ ಸ್ಥಿತಿ ಹೇಳಿ ಬಾ ಎನ್ನುತ್ತದೆ. ಅವನು ಹೇಳಿದ ಕೂಡಲೇ ಅಲ್ಲಿ ಒಂದು ಗಿಳಿ ನಡುಗಿ ಬಿದ್ದು ಸಾಯುತ್ತದೆ. ಊರಿಗೆ ಮರಳಿ ಆ ಸುದ್ದಿ ಹೇಳಿದರೆ ಪಂಜರದ ಗಿಳಿಯೂ ಬಿದ್ದು ಸಾಯುತ್ತದೆ. ಅತ್ತು ಹೊರಗೆಸೆದರೆ ಪುರ್ರನೆ ಹಾರಿ ಕೊಂಬೆಯ ಮೇಲೆ ಕೂರುತ್ತದೆ. ಸತ್ತಂತಾಗುವುದೇ ಬಿಡುಗಡೆಯ ಉಪಾಯ ಎಂದು ನಮ್ಮ ದೇಶದ ಗಿಳಿ ಹೇಳಿಕಳಿಸಿತ್ತು. ಒಡೆಯ ಮೆಚ್ಚುತ್ತಿದ್ದ ದನಿಯೇ ಆ ಗಿಳಿಗೆ ಸೆರೆಯಾಗಿತ್ತು. ಗಿಳಿ ಕೊಂದದ್ದು ಒಡೆಯನಿಗೆ ಬೇಕಾಗಿದ್ದ ಗಿಳಿಯನ್ನು, ತನ್ನನ್ನಲ್ಲ. ನಿಮಗೆ ‘ಬಿಡು’ ಎಂದವರೆಲ್ಲ ಪಂಜರದ ಕಡೆಯವರು; ಅವರ ಮಾತಿಗೂ ಕಾಡಿನ ಗಿಳಿಯ ಮಾತಿಗೂ ಇರುವಷ್ಟು ದೂರ ಇನ್ನಾವುದಕ್ಕೂ ಇಲ್ಲ.

ಬಿಜಾಪುರದ ಸೂಫಿ ಪರಂಪರೆಯಲ್ಲಿ ‘ಚಕ್ಕಿ ನಾಮಾ’ ಎಂಬ ದಖನಿ ಹಾಡುಗಳಿವೆ, ಬೀಸುವ ಹೆಂಗಸರ ಹಾಡುಗಳು. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ ಇವುಗಳ ವಿವರವಿದೆ. ಬೀಸುಕಲ್ಲಿನ ಹಿಡಿಗೂಟವನ್ನು ಅಲ್ಲಾಹನ ಹೆಸರಿನ ಮೊದಲಕ್ಷರವಾದ ಅಲಿಫ್‌ಗೆ ಹೋಲಿಸುವ ಹಾಡೂ ಅವುಗಳಲ್ಲಿದೆ. ಕೈಗೆ ಗಂಟು ಕಟ್ಟಿಸಿದ ಕೆಲಸವನ್ನೇ ಆ ಹಾಡು ಧ್ಯಾನವಾಗಿ ಗುರುತಿಸುತ್ತದೆ. ಹಾಡುವವಳನ್ನು ಅಳಿಸುವುದಿಲ್ಲ.

ಕೆ.ಆರ್. ಪೇಟೆಯ ಯುವಕ: ಎಲ್ಲಿಂದ ಓದಲು ಶುರುಮಾಡಲಿ? ಮೊಬೈಲಿನಲ್ಲಿ ಬರುವ ರೂಮಿಯ ಸಾಲುಗಳು ಸಾಕೇ?

ಸಾಲದು. ಅವುಗಳಲ್ಲಿ ಎಷ್ಟೋ ಸಾಲುಗಳಲ್ಲಿ ಕುರಾನಿನ ಉಲ್ಲೇಖ, ಪ್ರವಾದಿಯ ಹೆಸರು ಎರಡೂ ಮಾಯವಾಗಿವೆ. ಉಳಿದಿರುವುದು ಸಮಾಧಾನದ ಮಾತು ಮಾತ್ರ. ರೂಮಿ ಅಷ್ಟು ಸುಲಭದವನಲ್ಲ. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯನ್ನು ಕನ್ನಡದ ಸೊಗಸಿಗಾಗಿ ಓದು, ಆದರೆ ಗಣಿತ ಮತ್ತು ಖಗೋಳದ ಪಂಡಿತನಾದ ಉಮರ್ ಖಯ್ಯಾಮನನ್ನು ರೂಮಿಯ ಸಾಲಿಗೆ ಸೇರಿಸಬೇಡ. ಇಂಗ್ಲಿಷ್ ಓದುವೆಯಾದರೆ ನಿಕಲ್ಸನ್ 1925ರಿಂದ 1940ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ‘ಮಸ್ನವಿ’ ಇದೆ: ಮೂಲ, ಅನುವಾದ, ವ್ಯಾಖ್ಯಾನ. ಒಣದಾಗಿದ್ದರೂ ನಂಬಬಹುದು.

ಮೊದಲ ಸಂಪುಟದಲ್ಲಿ ಸಿಂಹ ಮತ್ತು ಮೊಲದ ಕಥೆಯಿಂದ ತೊಡಗು. ಹೌದು, ಬಾವಿಯಲ್ಲಿ ತನ್ನ ನೆರಳು ಕಂಡು ಹಾರಿದ ಸಿಂಹದ ಕಥೆಯೇ. ಪಂಚತಂತ್ರ ಅರಬ್ಬಿಗೆ ಹೋಗಿ ‘ಕಲೀಲಾ ವ ದಿಮ್ನಾ’ ಆಯಿತು, ಅಲ್ಲಿಂದ ರೂಮಿ ಇದನ್ನು ತೆಗೆದುಕೊಂಡ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು ಅದಕ್ಕಿಂತ ಇನ್ನೂರು ವರ್ಷ ಮೊದಲು, 11ನೇ ಶತಮಾನದಲ್ಲಿ. ಪಂಚತಂತ್ರದಲ್ಲಿ ಅದು ಬುದ್ಧಿ ಬಲವನ್ನು ಗೆದ್ದ ಕಥೆ. ರೂಮಿ ಮೊಲವನ್ನು ಅಷ್ಟಕ್ಕೇ ಬಿಟ್ಟು ಬಾವಿಯೊಳಗೆ ಇಣುಕುತ್ತಾನೆ: ಇನ್ನೊಬ್ಬರಲ್ಲಿ ನೀನು ಕಂಡ ಕೇಡು ನಿನ್ನದೇ ಮುಖವಾಗಿದ್ದರೆ? ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದು. ಓದಿ ಮುಗಿದ ಮೇಲೆ ಇನ್ನೊಂದು ಪತ್ರ ಬರೆ, ಮುಂದಿನದನ್ನು ಆಗ ಮಾತಾಡೋಣ.